ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ

ಮುಂಬಯಿಯ ಸಯನ್‌ನ ಚಿನ್ನದಂಗಡಿಗೆ ಅಜ್ಜಿಯ ಜೊತೆ ಹೋದಾಗ ಅಲ್ಲಿನ ತಕ್ಕಡಿಯನ್ನು ಗಮನಿಸಿದ್ದೀರಾ ಮಕ್ಕಳೇ? ಪುಟ್ಟ ಯಂತ್ರ, ಅದರ ಸುತ್ತ ಗಾಜಿನ ಪೆಟ್ಟಿಗೆ. ಮೂಗುತಿಯನ್ನು ಒಳಗಿಟ್ಟು, ಬಾಗಿಲು ಸರಿಸಿದ ಮೇಲೆಯೇ ಅಂಗಡಿಯವರು ಅಂಕಿ ಓದುತ್ತಾರೆ. ತರಕಾರಿಯವರ ತಕ್ಕಡಿಗೆ ಇಲ್ಲದ ಮನೆ ಇದಕ್ಕೇಕೆ?

ನೀವೇ ಪರೀಕ್ಷಿಸಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅಗಲವಾದ ಕಾಗದದ ತಟ್ಟೆ ಇಡಿ. ಅಂಕಿ ನಿಂತ ಮೇಲೆ ಮೇಲಿನಿಂದ ಜೋರಾಗಿ ಊದಿ. ಅಂಕಿ ಕುಣಿಯುತ್ತದೆ! ತಟ್ಟೆಗೆ ಒಂದು ಸಾಸಿವೆಕಾಳೂ ಬಿದ್ದಿಲ್ಲ. ತಕ್ಕಡಿಗೆ ತಿಳಿಯುವುದು ತನ್ನನ್ನು ಕೆಳಕ್ಕೆ ಒತ್ತುವ ಬಲ ಮಾತ್ರ. ಒತ್ತಿದ್ದು ಭೂಮಿಯ ಸೆಳೆತವೋ ನಿಮ್ಮ ಉಸಿರೋ, ಅದಕ್ಕೆ ಗೊತ್ತಾಗದು. ತಕ್ಕಡಿಯನ್ನು ಬೈದು ಫಲವಿಲ್ಲ, ಗಾಳಿಯನ್ನು ತಡೆಯಬೇಕು.

ನ್ಯಾಯಾಲಯದ ಗುರುತೂ ತಕ್ಕಡಿಯೇ. ನ್ಯಾಯಾಧೀಶರು ನಮ್ಮಂತೆಯೇ ಮನುಷ್ಯರು. ಕೆಲಸ ಹೋದೀತೆಂಬ ಹೆದರಿಕೆ, ಬಡ್ತಿಯ ಆಸೆ ಅವರ ಮನಸ್ಸನ್ನೂ ಒತ್ತಬಹುದು, ಕೆಲವೊಮ್ಮೆ ಅವರಿಗೇ ತಿಳಿಯದ ಹಾಗೆ.

ನಮ್ಮ ಸಯನ್ ಆಸ್ಪತ್ರೆಗೆ ಲೋಕಮಾನ್ಯ ತಿಲಕರ ಹೆಸರಿದೆಯಲ್ಲ, 1908ರ ಜುಲೈಯಲ್ಲಿ ಅವರು ಮುಂಬಯಿ ಹೈಕೋರ್ಟಿನ ಕಟಕಟೆಯಲ್ಲಿ ನಿಂತಿದ್ದರು. ‘ಕೇಸರಿ’ ಪತ್ರಿಕೆಯ ಮರಾಠಿ ಲೇಖನಗಳಿಗಾಗಿ ರಾಜದ್ರೋಹದ ಆರೋಪ. ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವ ಜ್ಯೂರಿಯಲ್ಲಿ 9 ಜನ: 7 ಯುರೋಪಿಯನ್ನರು, 2 ಪಾರ್ಸಿಗಳು. 7 ಜನ ‘ತಪ್ಪಿತಸ್ಥ’ ಎಂದರು, 2 ಜನ ‘ಅಲ್ಲ’ ಎಂದರು. ಶಿಕ್ಷೆ 6 ವರ್ಷ, ದೂರದ ಬರ್ಮಾದ ಮಂಡಾಲೆಯಲ್ಲಿ. ದೂರು ಕೊಟ್ಟದ್ದೂ ಬ್ರಿಟಿಷರ ಆಡಳಿತ, ನ್ಯಾಯಾಧೀಶರನ್ನು ನೇಮಿಸುತ್ತಿದ್ದುದೂ ಅದೇ. ಅಂಥ ತಕ್ಕಡಿಯ ಅಂಕಿಯನ್ನು ನಂಬುವುದು ಹೇಗೆ?

ಸ್ವತಂತ್ರ ಭಾರತದ ಸಂವಿಧಾನ ಬರೆದವರು ಅದಕ್ಕೇ ಗಾಜಿನ ಗೋಡೆ ಎಬ್ಬಿಸಿದರು. ಹೈಕೋರ್ಟಿನ ನ್ಯಾಯಮೂರ್ತಿಗೆ ಈಗ 62, ಸುಪ್ರೀಂ ಕೋರ್ಟಿನವರಿಗೆ 65 ವರ್ಷ ತುಂಬುವ ತನಕ ಹುದ್ದೆ. ತೀರ್ಪು ಹಿಡಿಸಲಿಲ್ಲವೆಂದು ಮಂತ್ರಿಗಳು ತೆಗೆದುಹಾಕುವಂತಿಲ್ಲ. ತೆಗೆಯಬೇಕಾದರೆ ತಪ್ಪು ಸಾಬೀತಾಗಿ, ಸಂಸತ್ತಿನ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೀಳಬೇಕು.

ಆದರೂ ಗಾಜಿನಲ್ಲಿ ಒಂದು ಸಂದಿ ಉಳಿದಿತ್ತು. ಅದು ಕಣ್ಣಿಗೆ ಬಿದ್ದದ್ದು ಒಂದು ಮೊಕದ್ದಮೆಯ ಬೆನ್ನಿಗೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ, ಮಠದ ಭೂಮಿಯ ವಿಷಯಕ್ಕೆ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಭೂಮಿಯಿಂದ ಶುರುವಾದ ಮಾತು ದೊಡ್ಡದೊಂದು ಪ್ರಶ್ನೆಗೆ ಬಂದು ನಿಂತಿತು: ಸಂಸತ್ತು ಸಂವಿಧಾನವನ್ನು ಹೇಗೆ ಬೇಕಾದರೂ ಬದಲಿಸಬಹುದೇ? 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7 ಜನ, ‘ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ’ ಎಂದರು. 6 ಜನ ಒಪ್ಪಲಿಲ್ಲ. ಪ್ರಾಮಾಣಿಕವಾಗಿ ತೂಗಿದವರಲ್ಲೂ ಭಿನ್ನಾಭಿಪ್ರಾಯ ಬರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಗಾಬರಿಯಾಗುವಂಥದ್ದು ನಡೆದದ್ದು ಮರುದಿನ. ಅತಿ ಹಿರಿಯರೇ ಮುಖ್ಯ ನ್ಯಾಯಮೂರ್ತಿಯಾಗಬೇಕು ಎಂಬುದು ಬರೀ ವಾಡಿಕೆಯಾಗಿತ್ತು, ಸಂವಿಧಾನದಲ್ಲಿ ಬರೆದಿರಲಿಲ್ಲ. ಗಾಜಿನ ಸಂದಿ ಅದೇ. ಸರಕಾರಕ್ಕೆ ಒಗ್ಗದ ತೀರ್ಪು ಕೊಟ್ಟಿದ್ದ ಮೂವರು ಹಿರಿಯರನ್ನು ದಾಟಿ, ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಆರಿಸಲಾಯಿತು. ಆ ಮೂವರಲ್ಲಿ ಒಬ್ಬರು ನಮ್ಮ ಕಾರ್ಕಳದ ಕಡೆಯ ಕೌಡೂರಿನ ಕೆ. ಎಸ್. ಹೆಗ್ಡೆ. ಉಳಿದಿಬ್ಬರಾದ ಶೇಲತ್, ಗ್ರೋವರ್ ಅವರ ಜೊತೆ ಹೆಗ್ಡೆಯವರೂ ರಾಜೀನಾಮೆ ಕೊಟ್ಟು ಹೊರನಡೆದರು. ಕುರ್ಚಿಗಿಂತ ಸರಿಯಾದ ತೂಕ ದೊಡ್ಡದೆಂದು ಬದುಕಿ ತೋರಿಸಿದವರು ಅವರು. ನನಗೆ ಅವರ ಮೇಲೆ ತುಂಬ ಗೌರವ.

ಅಂದ ಹಾಗೆ, ಚಿನ್ನದಂಗಡಿಯ ಪೆಟ್ಟಿಗೆ ತಗಡಿನದಲ್ಲ, ಗಾಜಿನದೇ ಏಕೆ? ಗಾಳಿ ಒಳಗೆ ಬರಬಾರದು, ಆದರೆ ಅಜ್ಜಿಯ ಕಣ್ಣಿಗೆ ಎಲ್ಲವೂ ಕಾಣಬೇಕು. ನಮ್ಮ ನ್ಯಾಯಾಲಯಗಳ ಬಾಗಿಲೂ ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುವುದು ಇದಕ್ಕೇ. ಒಂದು ದಿನ ದೊಡ್ಡವರ ಜೊತೆ ಸಯನ್‌ನಿಂದ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿಯಿರಿ. ಅಲ್ಲಿಂದ ಹೈಕೋರ್ಟಿಗೆ ನಡೆದೇ ಹೋಗಬಹುದು. 1878ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಕಟ್ಟಡ ಅದು. ತಿಲಕರಿಗೆ ಶಿಕ್ಷೆಯಾದ ಕೋಣೆಯ ಹೊರಗೆ, ಆ ದಿನ ಅವರಾಡಿದ ಮಾತುಗಳನ್ನೇ ಕೆತ್ತಿದ ಫಲಕವಿದೆ. 1956ರಲ್ಲಿ ಅದನ್ನು ಅನಾವರಣ ಮಾಡಿದವರು ಅದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಚಾಗ್ಲಾ.