ದಾದಿಯ ಶುಶ್ರೂಷೆಯೂ ರೋಗಿಯ ತೃಪ್ತಿಯೂ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಸಂಭ್ರಮದ ನಡುವೆ ಆಸ್ಪತ್ರೆಯ ವಾರ್ಡಿನ ಮಾತನ್ನಾಡಲು ನಮಗೆ ಅವಕಾಶವಿತ್ತಿದ್ದೀರಿ. ನಾವು ದಾದಿಯರು, ಹಲವು ವರ್ಷ ರೋಗಿಗಳ ಹಾಸಿಗೆಯ ಬಳಿ ದುಡಿದು, ಆ ಬಳಿಕ ವಿದ್ಯಾರ್ಥಿನಿಯರಿಗೆ ಶುಶ್ರೂಷಾಶಾಸ್ತ್ರವನ್ನು ಕಲಿಸಿದವರು. ಇಂದು ತಮ್ಮ ಮುಂದೆ ಒಂದೇ ಪ್ರಶ್ನೆಯನ್ನು ಇಡಬಯಸುತ್ತೇವೆ. “ಶುಶ್ರೂಷೆ ಚೆನ್ನಾಗಿತ್ತೇ?” ಎಂದು ಕೇಳಿದಾಗ ರೋಗಿಯು ಕೊಡುವ ಉತ್ತರವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು?

ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ತೃಪ್ತಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದ್ದೆವು. ಹಂಸಭಾವಿಯ ಕಡೆಯಿಂದ ಬಂದಿದ್ದ ಒಬ್ಬ ವೃದ್ಧೆ ಸೊಂಟದ ಮೂಳೆ ಮುರಿದು ಅಲ್ಲಿ ಮಲಗಿದ್ದರು. ಓದುಬರಹ ತಿಳಿಯದ ಅವರಿಗೆ ನಾವೇ ಪ್ರಶ್ನೆಗಳನ್ನು ಓದಿ ಹೇಳಿದೆವು. ಪ್ರತಿಯೊಂದಕ್ಕೂ “ಬಹಳ ತೃಪ್ತಿ” ಎಂಬ ಉತ್ತರವೇ ಬಂದಿತು. ಎರಡು ದಿನಗಳ ತರುವಾಯ ಅವರು ಊರಿಗೆ ಹೊರಟಾಗ ಬೆನ್ನಿನ ಕೆಳಗೆ ಅಂಗೈಯಗಲದ ಹಾಸಿಗೆಹುಣ್ಣು ನಮ್ಮ ಕಣ್ಣಿಗೆ ಬಿದ್ದಿತು. ಏಕೆ ಹೇಳಲಿಲ್ಲವೆಂದು ಕೇಳಿದೆವು. ಆಕೆ ನಮ್ಮ ಕೈ ಹಿಡಿದು, “ಯವ್ವಾ, ರಾತ್ರಿ ಆ ಹುಡುಗಿ ಒಬ್ಬಾಕೀನ ಇರತಿದ್ಲು, ನಲವತ್ತು ಮಂದಿ ನಾವು. ಹೊರಳಿಸು ಅಂತ ಹ್ಯಾಂಗ ಕರೀಲಿ? ಕಾಗದದಾಗ ಬರಸಿದ್ರ ಆಕೀ ಹೊಟ್ಟೀ ಮ್ಯಾಲ ಕಲ್ಲ ಹಾಕಿದಂಗ ಆಗತಿತ್ತು” ಎಂದರು.

ಆ ಪ್ರಶ್ನಾವಳಿಯ ಮೊತ್ತವನ್ನು ಕೂಡಿದಾಗ ನಮ್ಮ ವಾರ್ಡಿಗೆ ಬಹಳ ಒಳ್ಳೆಯ ಅಂಕಗಳೇ ಬಂದಿದ್ದವು. ಆ ಅಂಕಗಳಲ್ಲಿ ಈ ತಾಯಿಯ ಹುಣ್ಣು ಎಲ್ಲಿಯೂ ಇರಲಿಲ್ಲ.

ಶುಶ್ರೂಷೆಯನ್ನು ಅಳೆಯಬೇಕೆಂಬ ವಿಚಾರ ಹೊಸದಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಕಾಲಕ್ಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲರನ್ನು ದೀಪ ಹಿಡಿದ ಮಹಿಳೆಯೆಂದು ನಾವೆಲ್ಲ ಬಲ್ಲೆವು. ಆದರೆ ಆಕೆಯ ಮತ್ತೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿದ್ದಿತು. ಎಷ್ಟು ಸೈನಿಕರು ಗಾಯದಿಂದ ಸತ್ತರು, ಎಷ್ಟು ಮಂದಿ ಕೊಳಕಿನಿಂದ ಹಬ್ಬಿದ ರೋಗಗಳಿಂದ ಸತ್ತರು ಎಂಬುದನ್ನು ಅಂಕಿಗಳಿಂದಲೂ ಚಿತ್ರಗಳಿಂದಲೂ ಆಕೆ ತೋರಿಸಿಕೊಟ್ಟರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಸೈನಿಕರ ಹೊಗಳಿಕೆ ಆಕೆಗೆ ಬೇಕಾದಷ್ಟು ದೊರೆತಿತ್ತು. ಆದರೂ ಆಕೆ ಆಧಾರವಾಗಿ ಹಿಡಿದುದು ಹೊಗಳಿಕೆಯನ್ನಲ್ಲ, ಸಾವಿನ ಲೆಕ್ಕವನ್ನು.

ಬೇರೂತಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಆರೈಕೆಯ ಗುಣಮಟ್ಟವನ್ನು ಮೂರು ಬಗೆಯಿಂದ ನೋಡಬೇಕೆಂದು ತಿಳಿಸಿದರು: ವ್ಯವಸ್ಥೆ, ಕಾರ್ಯವಿಧಾನ, ಫಲ. ನಮ್ಮ ರೈತ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ, ಬೀಜ, ಎತ್ತು, ಆಳು ಇವು ವ್ಯವಸ್ಥೆ. ಹರಗುವುದು, ಬಿತ್ತುವುದು, ಕಳೆ ತೆಗೆಯುವುದು ಕಾರ್ಯವಿಧಾನ. ಕಣಕ್ಕೆ ಬಂದ ಕಾಳು ಫಲ. ಚೆನ್ನಾಗಿ ಸಾಗುವಳಿ ಮಾಡಿದರೂ ಮಳೆ ಕೈಕೊಟ್ಟರೆ ಕಾಳು ಬಾರದು. ಹಾಗೆಯೇ ಒಳ್ಳೆಯ ಶುಶ್ರೂಷೆ ದೊರೆತರೂ ಕೆಲವು ರೋಗಿಗಳು ಉಳಿಯುವುದಿಲ್ಲ. ಆದುದರಿಂದ ಫಲವೊಂದನ್ನೇ ನೋಡಿ ತೀರ್ಪು ಕೊಡಲಾಗದು. ರೋಗಿಯ ತೃಪ್ತಿಯನ್ನೂ ಡೊನಬೇಡಿಯನ್ ಫಲಗಳಲ್ಲಿ ಒಂದೆಂದು ಎಣಿಸಿದರು.

ಹೀಗೆ ರೋಗಿಯ ತೃಪ್ತಿಯು ಸಂಶೋಧನೆಯ ವಿಷಯವಾಯಿತು. 1975ರಲ್ಲಿ ನ್ಯಾನ್ಸಿ ರಿಸ್ಸರ್ ಎಂಬ ಅಮೆರಿಕದ ದಾದಿ ಸಂಶೋಧಕಿ ಇದಕ್ಕೆಂದೇ ಒಂದು ಮಾಪಕವನ್ನು ರಚಿಸಿದರು. ದಾದಿಯ ಕೈಚಳಕ, ತಿಳಿಯಹೇಳುವ ರೀತಿ, ರೋಗಿಯಲ್ಲಿ ಹುಟ್ಟಿಸುವ ವಿಶ್ವಾಸ ಇವು ಮೂರೂ ಅದರಲ್ಲಿ ಸೇರಿದ್ದವು. ನಮ್ಮ ರಾಜ್ಯದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಶುಶ್ರೂಷಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ಇದೇ ವಿಷಯವನ್ನು ತಮ್ಮ ಪ್ರಬಂಧಗಳಿಗೆ ಆರಿಸಿಕೊಳ್ಳುತ್ತ ಬಂದಿದ್ದಾರೆ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಯೊಂದುಂಟು: ಯಾವ ದೇಶದಲ್ಲಿ ಕೇಳಿದರೂ ಬಹುಪಾಲು ರೋಗಿಗಳು ತಮಗೆ ತೃಪ್ತಿಯಾಯಿತೆಂದೇ ಹೇಳುತ್ತಾರೆ.

ಇದಕ್ಕೆ ಕಾರಣವೇನೆಂದು ಬ್ರಿಟನ್ನಿನಲ್ಲಿ ಬ್ರಯನ್ ವಿಲಿಯಮ್ಸ್ ಮತ್ತು ಸಂಗಡಿಗರು ಶೋಧಿಸಿ 1998ರಲ್ಲಿ ಬರೆದ ಲೇಖನ ನಮ್ಮ ಕಣ್ಣು ತೆರೆಸಿತು. ಕಹಿ ಅನುಭವವಾದ ರೋಗಿಯೂ ಸೇವೆಯನ್ನು ಕೆಟ್ಟದೆಂದು ಹೇಳುವ ಮೊದಲು ಮನಸ್ಸಿನಲ್ಲಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆಂದು ಅವರು ಕಂಡುಕೊಂಡರು. ಇದನ್ನು ಮಾಡುವುದು ಅವರ ಕರ್ತವ್ಯವಾಗಿತ್ತೇ? ಆಗಿದ್ದರೆ, ಮಾಡದಿದ್ದುದು ಅವರದೇ ತಪ್ಪೇ? ಕರ್ತವ್ಯವಲ್ಲವೆಂದೋ, ಪಾಪ, ಅವರಿಂದಾಗಲಿಲ್ಲವೆಂದೋ ತೋರಿದರೆ ಆತ ತೃಪ್ತಿಯ ಗುರುತನ್ನೇ ಹಾಕುತ್ತಾನೆ. ನಮ್ಮ ವೃದ್ಧೆ ಮಾಡಿದ್ದು ಇದನ್ನೇ ಅಲ್ಲವೇ? ಆಕೆ ಸುಳ್ಳಾಡಲಿಲ್ಲ. ದಾದಿಯ ಮೇಲೆ ಕರುಣೆ ತೋರಿದರು. ಆ ಕರುಣೆಯನ್ನು ನಾವು ಗುಣಮಟ್ಟವೆಂದು ಎಣಿಸಿಕೊಂಡೆವು.

ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೂ ಕೆಲವು ಕಾರಣಗಳು ಕೂಡಿಕೊಳ್ಳುತ್ತವೆ. ಕೇಳುವವರು ಸಮವಸ್ತ್ರ ಧರಿಸಿದವರೇ ಆಗಿದ್ದು, ರೋಗಿ ಇನ್ನೂ ಅವರ ಕೈಯಲ್ಲಿಯೇ ಇರುವಾಗ ದೂರು ಹೇಳುವ ಧೈರ್ಯ ಯಾರಿಗುಂಟು? ಧರ್ಮಾರ್ಥವಾಗಿ ದೊರೆತ ಹಾಸಿಗೆಯನ್ನು ಟೀಕಿಸುವುದು ಉಂಡ ಮನೆಗೆ ಎರಡೆಣಿಸಿದಂತೆ ಎಂದು ಬಡವರು ಭಾವಿಸುತ್ತಾರೆ. “ತೃಪ್ತಿ” ಎಂಬುದೇ ಪುಸ್ತಕದ ಮಾತು. ಹಿರೇಕೆರೂರಿನ ಸೀಮೆಯಲ್ಲಿ ಜನ “ಚಲೋ ನೋಡಿಕೊಂಡ್ರು” ಎನ್ನುತ್ತಾರೆಯೇ ಹೊರತು ತೃಪ್ತಿಯನ್ನು ಐದು ಮೆಟ್ಟಿಲುಗಳಲ್ಲಿ ಅಳೆಯುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ನಮ್ಮ ವಾರ್ಡುಗಳಲ್ಲಿ ಉಣಿಸುವುದು, ಮೈ ಒರೆಸುವುದು, ಶೌಚಕ್ಕೆ ಒಯ್ಯುವುದು ಬಹುಮಟ್ಟಿಗೆ ಮಗಳ ಅಥವಾ ಸೊಸೆಯ ಪಾಲಿಗೆ ಬಿದ್ದಿದೆ. ರೋಗಿ ಮೆಚ್ಚಿದ್ದು ದಾದಿಯ ಶುಶ್ರೂಷೆಯನ್ನೋ, ಕೂಲಿ ಬಿಟ್ಟು ಬಂದ ಸೊಸೆಯ ಸೇವೆಯನ್ನೋ ಎಂಬುದನ್ನು ಆ ಪ್ರಶ್ನಾವಳಿ ತಿಳಿಸುವುದಿಲ್ಲ.

ಹಾಗಾದರೆ ರೋಗಿಯನ್ನು ಕೇಳುವುದೇ ವ್ಯರ್ಥವೋ? ಅಲ್ಲ. ಕೇಳುವ ಕ್ರಮ ಬದಲಾಗಬೇಕು. 1986ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಪಿಕರ್ ಸಂಸ್ಥೆಯ ಮಾರ್ಗ ಇದಕ್ಕೆ ನಿದರ್ಶನ. ನಿಮಗೆ ಸಂತೋಷವಾಯಿತೇ ಎಂದು ಕೇಳುವ ಬದಲು, ನಡೆದುದೇನು ಎಂದು ಅವರು ಕೇಳಿದರು. ಕರೆದಾಗ ದಾದಿ ಬಂದರೇ? ಔಷಧ ಏತಕ್ಕೆಂದು ಹೇಳಿದರೇ? ಮನೆಗೆ ಹೋದ ಮೇಲೆ ಏನು ಮಾಡಬೇಕೆಂದು ತಿಳಿಸಿದರೇ? ಇಂಥ ಪ್ರಶ್ನೆಗಳುಳ್ಳ ಸಮೀಕ್ಷೆಯ ಫಲಿತಾಂಶವನ್ನು ಅಮೆರಿಕದಲ್ಲಿ 2008ರಿಂದ ಆಸ್ಪತ್ರೆವಾರು ಸಾರ್ವಜನಿಕರ ಮುಂದಿಡಲಾಗುತ್ತಿದೆ. ನಮ್ಮ ಕೇಂದ್ರ ಸರಕಾರವೂ 2016ರಲ್ಲಿ “ಮೇರಾ ಅಸ್ಪತಾಲ್” ಎಂಬ ಯೋಜನೆಯನ್ನು ಆರಂಭಿಸಿ, ರೋಗಿಗಳ ಅಭಿಪ್ರಾಯವನ್ನು ದೂರವಾಣಿಯ ಮೂಲಕ ಪಡೆಯುವ ಏರ್ಪಾಡು ಮಾಡಿತು. ಹಾಸಿಗೆಯ ಬಳಿ ನಿಂತು ಕೇಳುವುದಕ್ಕಿಂತ ಇದು ಮೇಲು. ಆದರೆ ದೂರವಾಣಿ ಮಗನ ಕಿಸೆಯಲ್ಲಿದ್ದು ರೋಗಿ ತಾಯಿಯಾಗಿದ್ದರೆ ಉತ್ತರ ಯಾರದೆಂಬುದನ್ನು ಯೋಚಿಸಬೇಕು.

ಆ ವೃದ್ಧೆಯ ಮಾತಿನಲ್ಲಿ ಇನ್ನೊಂದು ಸತ್ಯವಿತ್ತು: “ಆ ಹುಡುಗಿ ಒಬ್ಬಾಕೀನ ಇರತಿದ್ಲು.” ಸಾಮಾನ್ಯ ವಾರ್ಡಿನಲ್ಲಿ 6 ಹಾಸಿಗೆಗಳಿಗೆ 1 ದಾದಿ ಇರಬೇಕೆಂಬುದು ಕೇಂದ್ರ ಸರಕಾರದ ಸಿಬ್ಬಂದಿ ತಪಾಸಣಾ ಘಟಕದ ಸೂತ್ರ. ಈ ಸೂತ್ರ ಬರಿಯ ಅನುಕೂಲದ ಮಾತಲ್ಲ. ಲಿಂಡಾ ಐಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಅಭ್ಯಸಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತಿತ್ತು. 2014ರಲ್ಲಿ ಯೂರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿಯೂ ಅದೇ ಶೇಕಡಾ 7 ಕಂಡುಬಂದಿತು. ದಾದಿಯರ ಕೈಗೆ ಎಟುಕದೆ ಉಳಿದುಹೋಗುವ ಕೆಲಸಗಳು ಯಾವುವು ಎಂಬುದನ್ನು ಬಿಯಾಟ್ರಿಸ್ ಕಾಲಿಶ್ 2006ರಲ್ಲಿ ಪಟ್ಟಿ ಮಾಡಿದರು. ರೋಗಿಯನ್ನು ನಡೆಸುವುದು, ಹೊತ್ತಿಗೆ ಉಣಿಸುವುದು, ಮೈ ಶುಚಿ ಮಾಡುವುದು, ಧೈರ್ಯ ಹೇಳುವುದು ಅದರಲ್ಲಿವೆ. ಮಗ್ಗುಲು ಹೊರಳಿಸುವುದೂ ಇದೆ. ಅದನ್ನು ಓದಿದಾಗ ನಮಗೆ ಆ ಬೆನ್ನಿನ ಹುಣ್ಣು ನೆನಪಾಯಿತು.

ಈ ನಾಡಿನಲ್ಲಿ ರೋಗಿಗಳ ಸೇವೆಗೆಂದು ಧರ್ಮಸಭೆ ಕಟ್ಟಿದ ಸಂಸ್ಥೆಗಳನ್ನು ತಾವು ಬಲ್ಲಿರಿ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು ತೆರೆದ ಔಷಧಾಲಯ, 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಆರಂಭಿಸಿದ ಸೇಂಟ್ ಮಾರ್ಥಾ ಆಸ್ಪತ್ರೆ, 1963ರಲ್ಲಿ ಸ್ಥಾಪಿತವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇವು ನಮ್ಮೆಲ್ಲರ ಹೆಮ್ಮೆ. ಇಂಥ ಪರಂಪರೆಯುಳ್ಳ ನಾವು ಜನರ ಕೃತಜ್ಞತೆಯನ್ನೇ ಪ್ರಮಾಣಪತ್ರವೆಂದು ಭಾವಿಸಿ ಸುಮ್ಮನಾಗಬಾರದು.

ಕೊನೆಯದಾಗಿ ಕೆಲವು ಬಿನ್ನಹಗಳು. ಆಸ್ಪತ್ರೆ ನಡೆಸುವವರು ರೋಗಿ ಮನೆ ಸೇರಿ ಒಂದು ವಾರವಾದ ಮೇಲೆ, ಆಸ್ಪತ್ರೆಗೆ ಸಂಬಂಧಿಸದ ಒಬ್ಬರ ಮೂಲಕ, ಆತನ ಆಡುಮಾತಿನಲ್ಲಿ, ನಡೆದುದೇನೆಂದು ಕೇಳಿಸಲಿ. ದೂರು ಬಂದರೆ ದಾದಿಯನ್ನು ಕರೆದು ಗದರಿಸುವ ಮೊದಲು ಆ ರಾತ್ರಿಯ ಹಾಜರಿಪಟ್ಟಿಯನ್ನು ತೆರೆದು ನೋಡಲಿ. ನಮ್ಮ ದಾದಿ ಸೋದರಿಯರು ಮಾಡಲಾಗದೆ ಉಳಿದ ಕೆಲಸವನ್ನು ಮುಚ್ಚಿಡದೆ ದಾಖಲೆಯಲ್ಲಿ ಬರೆಯಲಿ. ಬರೆಯದಿದ್ದರೆ ಕೆಲಸವೆಲ್ಲ ಆಗಿದೆಯೆಂದೇ ಮೇಲಿನವರು ತಿಳಿಯುತ್ತಾರೆ. ಧರ್ಮಕೇಂದ್ರದ ತಾಯಿತಂದೆಗಳೇ, ತಮ್ಮಲ್ಲಿ ನಮ್ಮ ವಿಶೇಷ ಪ್ರಾರ್ಥನೆ ಇದು: ಹಾಸಿಗೆ ಹಿಡಿದಾಗ ನೋವಿದ್ದರೆ, ಹೊರಳಿಸುವವರಿಲ್ಲದಿದ್ದರೆ, ದಯವಿಟ್ಟು ಹೇಳಿರಿ. ಅದು ಆ ಹುಡುಗಿಯ ಹೊಟ್ಟೆಯ ಮೇಲೆ ಕಲ್ಲು ಹಾಕಿದಂತಲ್ಲ. ಆಕೆಗೆ ಜೊತೆಗೆ ಇನ್ನೊಬ್ಬಳು ದಾದಿ ಬೇಕೆಂದು ಕೇಳಲು ನಮಗೆ ತಮ್ಮ ಮಾತೇ ಆಧಾರ.

ಆ ಘಟನೆಯ ನಂತರ ನಾವು ಆ ಪ್ರಶ್ನಾವಳಿಯನ್ನು ಬದಿಗಿರಿಸಿದೆವು. ವಿದ್ಯಾರ್ಥಿನಿಯರಿಗೆ ಮೊದಲು ಕಲಿಸುತ್ತಿದ್ದ ಪ್ರಶ್ನೆ, “ನಿನ್ನೆ ರಾತ್ರಿ ನಿಮ್ಮನ್ನು ಎಷ್ಟು ಸಲ ಹೊರಳಿಸಿ ಮಲಗಿಸಿದರು?” ಎಂಬುದಾಯಿತು.