ಗೋಡೆಯ ಮೇಲಿನ ಇನ್ಸುಲಿನ್

ಇಂದು ಪದವಿ ಪಡೆದ ಗೆಳೆಯ ಗೆಳತಿಯರೇ, ಮಕ್ಕಳು ‘ಡಿಸೈನ್ ಓದ್ತೀವಿ’ ಅಂದಾಗ ಒಳಗೊಳಗೇ ದಿಗಿಲುಬಿದ್ದರೂ ಫೀಸು ಕಟ್ಟಿದ ತಂದೆತಾಯಂದಿರೇ,

ಘಟಿಕೋತ್ಸವದಲ್ಲಿ ಜೀವನದ ಬಗ್ಗೆ ಮಾತಾಡುವುದು ವಾಡಿಕೆ. ನನಗೆ ಗೊತ್ತಿರುವುದು ಬಟ್ಟೆ ಮತ್ತು ವಾಲ್‌ಪೇಪರ್. ಅದನ್ನೇ ಹೇಳುತ್ತೇನೆ.

1951ರಲ್ಲಿ ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲೆ, ಫೆಸ್ಟಿವಲ್ ಆಫ್ ಬ್ರಿಟನ್ ಎಂಬ ದೊಡ್ಡ ಪ್ರದರ್ಶನ ನಡೆಯಿತು. ಯುದ್ಧ ಮುಗಿದು ಆರು ವರ್ಷವಾಗಿದ್ದರೂ ಜನ ಇನ್ನೂ ರೇಷನ್ನಿನಲ್ಲೇ ಉಣ್ಣುತ್ತಿದ್ದ ಕಾಲ. ಅಲ್ಲಿನ ರೆಗಾಟಾ ರೆಸ್ಟೋರೆಂಟಿಗೆ ಊಟಕ್ಕೆ ಹೋದವರು ನೋಡಿದ ಪರದೆ, ನೆಲಹಾಸು, ತಟ್ಟೆಗಳ ಮೇಲೆ ಹೂಬಳ್ಳಿ ಇರಲಿಲ್ಲ. ಹರಳುಗಳ ಒಳರಚನೆಯ ನಕ್ಷೆ ಇತ್ತು. ಹೆಲೆನ್ ಮೆಗಾ ಎಂಬ ಕೇಂಬ್ರಿಜ್‌ನ ಹರಳು ವಿಜ್ಞಾನಿ, ಎಕ್ಸ್‌ರೇ ಮೂಲಕ ತೆಗೆದ ಅಂಥ ನಕ್ಷೆಗಳನ್ನು ವಿನ್ಯಾಸಕಾರರ ಕೈಗೆ ಒದಗಿಸಿದ್ದರು. ಇಪ್ಪತ್ತೆಂಟು ಕಂಪನಿಗಳು ಅವನ್ನು ಹಿಡಿದು ಬಟ್ಟೆ, ವಾಲ್‌ಪೇಪರ್, ಕಾರ್ಪೆಟ್, ಗಾಜು, ಪಿಂಗಾಣಿ ಮಾಡಿದವು. ಹಿಮೋಗ್ಲೋಬಿನ್, ಇನ್ಸುಲಿನ್ನಿನ ಹರಳುಗಳೂ ಅಲಂಕಾರವಾದವು.

ಈ ಉದಾಹರಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಾವು ಚಿತ್ರ ಬರೆದು ಆಮೇಲೆ ‘ರಿಪೀಟ್’ ಕೂಡಿಸಲು ಒದ್ದಾಡುತ್ತೇವೆ. ಹರಳು ಹುಟ್ಟಿನಿಂದಲೇ ರಿಪೀಟ್. ಒಂದೇ ಘಟಕ ಎಲ್ಲ ದಿಕ್ಕಿಗೂ ಮರುಕಳಿಸುತ್ತದೆ. ಚಪ್ಪಟೆ ಮೇಲ್ಮೈ ಮೇಲೆ ಒಂದು ಆಕೃತಿಯನ್ನು ಎರಡೂ ದಿಕ್ಕಿಗೆ ಹರಡಲು ಇರುವ ಸಮ್ಮಿತಿಗಳು ಒಟ್ಟು 17 ಮಾತ್ರ. ಗಣಿತಜ್ಞರು ಅವನ್ನು ಕರೆಯುವುದೂ ವಾಲ್‌ಪೇಪರ್ ಗುಂಪುಗಳೆಂದೇ. ಹರಳಿನ ನಕ್ಷೆಗಳಿಂದಲೇ ಹುಟ್ಟಿದ 1951ರ ಆ ಸಂಗ್ರಹದಲ್ಲಿ ಯಾರೂ ಇನ್ನೊಬ್ಬರ ಹೂವನ್ನು ಕದ್ದು ತಮ್ಮ ಬಟ್ಟೆಗೆ ಅಂಟಿಸಬೇಕಾಗಲಿಲ್ಲ. ಮರಿಯಾನ್ ಸ್ಟ್ರಾಬ್ ಮೂಲತಃ ನೇಕಾರ್ತಿ. ಅವರು ಅಫ್ವಿಲೈಟ್ ಎಂಬ ಖನಿಜದ ನಕ್ಷೆಯನ್ನು ಮಗ್ಗಕ್ಕೆ ಒಗ್ಗಿಸಿ ‘ಸರ್ರೆ’ ಎಂಬ ಪರದೆ ಬಟ್ಟೆ ಮಾಡಿದರು. ಇನ್ನೊಬ್ಬರು ಇನ್ಸುಲಿನ್ನಿನ ನಕ್ಷೆಯನ್ನು ಕಾಗದಕ್ಕೆ ಹಚ್ಚಿದರು. ಮೂಲ ಒಂದು, ಕೈ ಹಲವು. ಆದರೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರೆಂದು ಗೊತ್ತಾಗುತ್ತಿತ್ತು.

ಒಂದು ಅಡ್ಡಮಾತು. ಇನ್ಸುಲಿನ್ನಿನ ಪೂರ್ತಿ ರಚನೆಯನ್ನು ಹರಳು ವಿಜ್ಞಾನಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡ ಬಿಡಿಸಿದ್ದು 1969ರಲ್ಲಿ. ಅಂದರೆ ಉತ್ತರಕ್ಕಿಂತ ಹದಿನೆಂಟು ವರ್ಷ ಮೊದಲೇ ಒಗಟು ಗೋಡೆಗೆ ಏರಿತ್ತು!

ಇಷ್ಟೆಲ್ಲ ಇದ್ದೂ ಆ ಹರಳಿನ ವಿನ್ಯಾಸಗಳು ಅಂಗಡಿಯಲ್ಲಿ ಬಹುಕಾಲ ಬಾಳಲಿಲ್ಲ. ಅದೇ ಪ್ರದರ್ಶನದಲ್ಲಿದ್ದ, ಹರಳಿಗೆ ಸಂಬಂಧವೇ ಇಲ್ಲದ ಲೂಸಿಯೆನ್ ಡೇ ಅವರ ‘ಕ್ಯಾಲಿಕ್ಸ್’ ಬಾಳಿತು. ಸಣಕಲು ಗೆರೆಗಳ ತುದಿಗೆ ಬಟ್ಟಲಿನಂಥ ಆಕಾರಗಳು, ನಡುನಡುವೆ ಧಾರಾಳ ಖಾಲಿ ಜಾಗ. ಅದು ಮಾರಾಟವಾಗುತ್ತದೆಂದು ತಯಾರಿಸಿದವರಿಗೇ ನಂಬಿಕೆ ಇರಲಿಲ್ಲವಂತೆ. ನನ್ನ ಅಂದಾಜು ಇಷ್ಟು: ಹರಳಿನ ಸಂಗ್ರಹದಲ್ಲಿ ಒಂದೊಂದು ವಿನ್ಯಾಸವೂ ಒಂದೇ ದನಿಯಲ್ಲಿ ಮಾತಾಡುತ್ತಿತ್ತು. ಹೋಟೆಲಿನಲ್ಲಿ ಒಂದು ಗಂಟೆ ಕೂತು ಎದ್ದುಬರುವವರಿಗೆ ಅದು ಬೆರಗು. ಮನೆಯಲ್ಲಿ ದಿನಾ ಎದುರಿಗಿದ್ದರೆ ದಣಿವು.

ನಿಮ್ಮ ಪೋರ್ಟ್‌ಫೋಲಿಯೋಗಳಲ್ಲಿ ನಾನು ಕಂಡದ್ದೂ ಈ ಒಂದೇ ದನಿಯನ್ನೇ. ಹತ್ತು ಪುಟ ತಿರುವಿದರೆ ಹತ್ತೂ ದೊಡ್ಡ ಚಿತ್ರಗಳೇ, ಎಲೆ ತುಂಬ ಬರೀ ಹೋಳಿಗೆ ಬಡಿಸಿದ ಹಾಗೆ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ಹೆಂಗಸರು ಈ ತಪ್ಪು ಮಾಡುವುದಿಲ್ಲ. ಗೋಪುರ, ತೇರು, ಅಂಬಾರಿ ಆನೆಯಂಥ ದೊಡ್ಡವೆಲ್ಲ ಸೆರಗಿನ ಹತ್ತಿರ. ಒಡಲಿನತ್ತ ಇಳಿದಂತೆ ಆಕೃತಿ ಸಣ್ಣದಾಗುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಚುಕ್ಕಿ, ಪುಟ್ಟ ಹೂವು. ಎಲ್ಲವೂ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿಯಂಥ ಹೊಲಿಗೆಗಳು. ಆದ್ದರಿಂದ ಆನೆಗೂ ಚುಕ್ಕಿಗೂ ಒಂದೇ ನಡೆ. ದೊಡ್ಡದು, ನಡುವಿನದು, ಸಣ್ಣದು ಎಂದು ಈಗ ಸ್ಟುಡಿಯೋಗಳಲ್ಲಿ ಕಲಿಸುವ ಲೆಕ್ಕ ಧಾರವಾಡದ ಕಡೆಯ ಅಜ್ಜಿಯರಿಗೆ ರೂಢಿಯ ಮಾತು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರೇಳು ಬಣ್ಣ ಮೊದಲೇ ಗೊತ್ತುಮಾಡಿಕೊಂಡು ಇಡೀ ಸಂಗ್ರಹವನ್ನು ಅದರೊಳಗೇ ಮುಗಿಸಿ, ಅಷ್ಟು ಸಾಕು. ಅಳತೆಯ ಬಗ್ಗೆ ಮಾತ್ರ ಹೇಳಲೇಬೇಕು. ಬಟ್ಟೆಗೆ ಅಚ್ಚು ಹಾಕುವ ರೋಟರಿ ಮಷಿನ್ನಿನ ಸ್ಕ್ರೀನಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್. ನಿಮ್ಮ ರಿಪೀಟ್ 64, 32, 16 ಹೀಗೆ ಅದರೊಳಗೆ ಸರಿಯಾಗಿ ಕೂರಬೇಕು. ವಾಲ್‌ಪೇಪರ್ ರೋಲಿನ ಅಗಲ ಹೆಚ್ಚಾಗಿ 53 ಸೆಂಟಿಮೀಟರ್, ಆದ್ದರಿಂದ ಲೆಕ್ಕವೇ ಬೇರೆ. ಬಟ್ಟೆ ನೆರಿಗೆಯಾಗುತ್ತದೆ, ದರ್ಜಿ ಕತ್ತರಿಸುತ್ತಾನೆ, ತಪ್ಪು ಮಡಿಕೆಯಲ್ಲಿ ಅಡಗುತ್ತದೆ. ಗೋಡೆ ಯಾವುದನ್ನೂ ಅಡಗಿಸುವುದಿಲ್ಲ. ಪರದೆ ಬಟ್ಟೆಯ ಮೇಲೆ ಚೆನ್ನಾಗಿದ್ದ ಬಳ್ಳಿಯನ್ನು ಹಾಗೇ ಗೋಡೆಗೆ ಹಚ್ಚಿ ಹತ್ತಡಿ ಹಿಂದೆ ನಿಂತು ನೋಡಿ: ಹೂಗಳ ನಡುವಿನ ಖಾಲಿ ಜಾಗಗಳೆಲ್ಲ ಒಂದಕ್ಕೊಂದು ಸೇರಿ ಅಡ್ಡ ಗೆರೆಗಳಾಗಿ ಓಡುತ್ತಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಇದು ಕಾಣುವುದೇ ಇಲ್ಲ. ಕಾಗದದ ಮೇಲೆ ನಿಜ ಅಳತೆಯಲ್ಲಿ ತೆಗೆದು, ಕನಿಷ್ಠ ಮೂರು ಪಟ್ಟಿ ಪಕ್ಕಪಕ್ಕ ಅಂಟಿಸಿ ನೋಡಬೇಕು. ಪಕ್ಕದ ಪಟ್ಟಿಯಲ್ಲಿ ವಿನ್ಯಾಸವನ್ನು ಅರ್ಧ ರಿಪೀಟಿನಷ್ಟು ಕೆಳಗಿಳಿಸಿ ‘ಹಾಫ್ ಡ್ರಾಪ್’ ಮಾಡಿದರೆ ಆ ಗೆರೆ ಬಹುಪಾಲು ಮುರಿಯುತ್ತದೆ. ಆದರೆ ಅಂಟಿಸುವವನ ಕೈಯಲ್ಲಿ ಕಾಗದ ಹೆಚ್ಚು ಪೋಲಾಗುತ್ತದೆ, ಆ ಖರ್ಚು ಗಿರಾಕಿಯ ತಲೆಗೆ. ಇದನ್ನು ಮೊದಲೇ ತೂಗಿ ನೋಡಿ.

ಕೊನೆಗೆ ದುಡ್ಡಿನ ವಿಷಯ. ದೊಡ್ಡ ಚಿತ್ರಕ್ಕೆ ಬೆಲೆ ಕಟ್ಟಿ, ‘ಜೊತೆಗೆ ಎರಡು ಮೂರು ಸಣ್ಣವು ಹಾಕಿಕೊಡಿ’ ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಕೊಸರು ಕೊಡಬೇಡಿ. ಇಡೀ ಕೋಣೆಯನ್ನು ಹಿಡಿದಿಡುವುದು ಆ ಸಣ್ಣವೇ. ಒಂದೊಂದನ್ನೂ ಕರಾರಿನಲ್ಲಿ ಹೆಸರಿಸಿ ದರ ಬರೆಯಿರಿ. ಬಟ್ಟೆಗೆ ಕೊಟ್ಟ ಹಕ್ಕು ವಾಲ್‌ಪೇಪರಿಗೂ ಅನ್ವಯಿಸುವಂತೆ ಒಂದೇ ಸಾಲಿನಲ್ಲಿ ಸೇರಿಸಿದ್ದಾರೆಯೇ ಎಂದು ನೋಡಿಕೊಂಡು ಸಹಿ ಹಾಕಿ. ನಮ್ಮ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ ರಕ್ಷಣೆ ಇದೆ, ಮತ್ತೆ 5 ವರ್ಷ ವಿಸ್ತರಿಸಬಹುದು. ಆದರೆ ವಿನ್ಯಾಸ ಹೊಸದಾಗಿರಬೇಕು, ಎಲ್ಲೂ ಪ್ರಕಟವಾಗಿರಬಾರದು. ಆದ್ದರಿಂದ ಇವತ್ತು ರಾತ್ರಿ ಗೌನು ತೊಟ್ಟ ಫೋಟೋ ಎಷ್ಟು ಬೇಕಾದರೂ ಇನ್‌ಸ್ಟಾಗ್ರಾಮಿಗೆ ಹಾಕಿ. ಫೈನಲ್ ಪ್ರಾಜೆಕ್ಟನ್ನು ಮಾತ್ರ ಅರ್ಜಿ ಸಲ್ಲಿಸಿದ ಮೇಲೆ ಹಾಕಿ.