ಮನೆಬಂಡಿಯಲ್ಲಿ ಒಂದು ದಿನ



ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ನೀವು ಗಂಡಹೆಂಡಿರು ಅಮೆರಿಕೆಗೆ ಹೋಗಿ ಬಂದವರು, ನಿವೃತ್ತ ಜೀವನದ ವಿಷಯವಾಗಿ ನಾಲ್ಕು ಮಾತು ಹೇಳಬೇಕು" ಎಂದರು. ಅಮೆರಿಕೆಗೆ ಹೋಗಿ ಬಂದವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲ ನಯಾಗರವನ್ನು ನೋಡಿ ಬಂದಿದ್ದಾರೆ. ನಾವು ನೋಡಿ ಬಂದದ್ದು ಒಂದು ಬಯಲನ್ನು. ಅಲ್ಲಿ ಕಳೆದ ಒಂದು ದಿನದ ಸಂಗತಿಯನ್ನಷ್ಟೇ ನಿಮ್ಮ ಮುಂದೆ ಇಡುತ್ತೇವೆ.

ಅದು 2020ರ ಜನವರಿ. ಫೀನಿಕ್ಸ್ ನಗರದಲ್ಲಿರುವ ನಮ್ಮ ಮಗ ಒಂದು 'ಆರ್.ವಿ.'ಯನ್ನು ವಾರದ ಬಾಡಿಗೆಗೆ ತಂದ. ಮೋಟಾರಿನ ಮೇಲೆಯೇ ಕಟ್ಟಿದ ಮನೆ ಅದು. ನಾವು ಅದಕ್ಕೆ ಮನೆಬಂಡಿ ಎಂದು ಹೆಸರಿಟ್ಟೆವು. ಪಶ್ಚಿಮಕ್ಕೆ ಸುಮಾರು ಇನ್ನೂರು ಕಿಲೋಮೀಟರು ನಡೆಸಿಕೊಂಡು ಹೋಗಿ, ಕ್ವಾರ್ಟ್ಸ್‌ಸೈಟ್ ಎಂಬ ಊರಿನ ಹೊರಗೆ ಮರುಭೂಮಿಯಲ್ಲಿ ನಿಲ್ಲಿಸಿದ. ಸೊಸೆ ಹಿಂದಿನಿಂದ ಕಾರು ತಂದಿದ್ದಳು. ಇಬ್ಬರೂ ನಮ್ಮನ್ನು ಅಲ್ಲಿ ಬಿಟ್ಟು, "ಶನಿವಾರ ಬರುತ್ತೇವೆ" ಎಂದು ಹೊರಟೇಹೋದರು.

ಊರಿನ ಕಾಯಂ ಜನ ಎರಡು ಮೂರು ಸಾವಿರವಷ್ಟೆ. ಚಳಿಗಾಲ ಬಂತೆಂದರೆ ಹಿಮ ಬೀಳುವ ಉತ್ತರದ ಸೀಮೆಗಳಿಂದ ಮುದುಕ ಮುದುಕಿಯರು ಇಂಥ ಬಂಡಿಗಳಲ್ಲಿ ಹಕ್ಕಿಗಳಂತೆ ಇಳಿದು ಬರುತ್ತಾರೆ. ಸುತ್ತಲಿನ ಭೂಮಿ ಸರಕಾರದ್ದು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳು ಬಿಡಾರ ಮಾಡಲು ನಾವು ಹೋದ ವರ್ಷ 180 ಡಾಲರಿನ ಚೀಟಿ. ಹದಿನಾಲ್ಕು ದಿನಕ್ಕಾದರೆ 40 ಡಾಲರು. ನಮ್ಮದು ನಲವತ್ತರ ಚೀಟಿ.

ಬೆಳಗ್ಗೆ ಎದ್ದಾಗ ಕೈ ಮರಗಟ್ಟುವಷ್ಟು ಚಳಿ. ಅನಿಲದ ಒಲೆ ಹಚ್ಚಿ, ಪುಣೆಯಿಂದ ಕೊಂಡೊಯ್ದ ಪುಡಿಯಿಂದ ಕಾಫಿ ಇಳಿಸಿದೆವು. ಮನೆಬಂಡಿಯಲ್ಲಿ ಮೊದಲು ಕಲಿಯಬೇಕಾದ ಪಾಠ ನೀರಿನದು. ಅದರ ಹೊಟ್ಟೆಯಲ್ಲಿ ಮೂರು ತೊಟ್ಟಿಗಳು: ಒಳ್ಳೆಯ ನೀರಿಗೆ ಒಂದು, ತೊಳೆದ ನೀರಿಗೆ ಒಂದು, ಪಾಯಿಖಾನೆಯದಕ್ಕೆ ಒಂದು. ನಮ್ಮ ಒಳ್ಳೆಯ ನೀರಿನ ತೊಟ್ಟಿ ನೂರೈವತ್ತು ಲೀಟರಿನದು. ಮೊದಲನೆಯದು ಬರಿದಾದರೂ ಉಳಿದೆರಡು ತುಂಬಿದರೂ ಬಂಡಿಯನ್ನು ಎಬ್ಬಿಸಿಕೊಂಡು ಹೋಗಬೇಕು. ಒಂದು ತಂಬಿಗೆ ನೀರಿನಲ್ಲಿ ಪಾತ್ರೆ ತೊಳೆಯುವ ವಿದ್ಯೆ ನಮ್ಮ ಅಜ್ಜಿಯರಿಗೆ ತಿಳಿದಿತ್ತು. ನಾವು ಅರಿಜೋನಾಕ್ಕೆ ಹೋಗಿ ಅದನ್ನು ಮತ್ತೆ ಕಲಿತೆವು. ದೀಪಕ್ಕೆ ಮಾಡಿನ ಮೇಲಿನ ಸೌರಫಲಕವೇ ಆಧಾರ. ಹಗಲು ಬಿಸಿಲು ಕೊಟ್ಟಷ್ಟೇ ರಾತ್ರಿಗೆ ಬೆಳಕು.

ಕಾಫಿ ಲೋಟ ಹಿಡಿದು ಕುಳಿತಿದ್ದೆವು, ಬಾಗಿಲು ತಟ್ಟಿದ ಸದ್ದಾಯಿತು. ನೂರಡಿ ದೂರದ ಬಿಡಾರದವರು, ಎಪ್ಪತ್ತೆಂಟು ವರುಷದ ಮುದುಕರು, ಕೋಲೂರಿಕೊಂಡು ನಿಂತಿದ್ದರು. "ಏನೂ ಇಲ್ಲ, ಎಂಟು ಗಂಟೆಯಾದರೂ ನಿಮ್ಮ ಪರದೆ ಸರಿದಿರಲಿಲ್ಲ, ಅದಕ್ಕೆ ಬಂದೆ" ಎಂದರು. ಒಳಗೆ ಕರೆದು ಕಾಫಿ ಕೊಟ್ಟೆವು. ಅಲ್ಲಿ ಸುತ್ತಲಿದ್ದವರೆಲ್ಲ ತಮ್ಮೊಳಗೆ ಮಾಡಿಕೊಂಡ ಕಟ್ಟಳೆಯಂತೆ ಅದು. ಎದ್ದವರು ಕಿಟಕಿಯ ಪರದೆ ಸರಿಸಬೇಕು. ಸರಿಯದ ಪರದೆ ಕಂಡವರು ಹೋಗಿ ಬಾಗಿಲು ತಟ್ಟಬೇಕು.

ಹೆಂಡತಿಯ ಕಾಯಿಲೆಗೆ ಮನೆ ಮಾರಿದವರು ಅವರು. ಹೆಂಡತಿ ಉಳಿಯಲಿಲ್ಲ, ಉಳಿದದ್ದು ಈ ಬಂಡಿ. ಬೇಸಗೆಯಲ್ಲಿ ಉತ್ತರದ ಕಾಡಿನ ಬಿಡಾರವೊಂದರಲ್ಲಿ ಕಾವಲು ನೋಡಿಕೊಂಡು ನಾಲ್ಕು ಕಾಸು ಸಂಪಾದಿಸುತ್ತಾರೆ. "ಬೀಗದ ಕೈಯನ್ನು ಕೊಂಡವರ ಕೈಗೆ ಕೊಟ್ಟ ದಿನ ಹಗುರವೆನಿಸಿತು. ಮೂರನೆಯ ದಿನ ಅದಕ್ಕಾಗಿ ಜೇಬು ತಡಕಿದೆ" ಎಂದರು. ಇಂಥವರು ಅಲ್ಲಿ ಒಬ್ಬಿಬ್ಬರಲ್ಲ. 2008ರ ಆರ್ಥಿಕ ಕುಸಿತದ ತರುವಾಯ ಮನೆ ಕಳೆದುಕೊಂಡು ಗಾಲಿಯ ಮೇಲೆ ಬದುಕುವ ಹಿರಿಯರನ್ನು ಕುರಿತು ಜೆಸ್ಸಿಕಾ ಬ್ರೂಡರ್ ಎಂಬ ಲೇಖಕಿ 2017ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಸುಖಕ್ಕೆ ಬಂದವರೂ ನಿರ್ವಾಹವಿಲ್ಲದೆ ಬಂದವರೂ ಅಲ್ಲಿ ಅಕ್ಕಪಕ್ಕದಲ್ಲೇ ಇರುತ್ತಾರೆ. ನೋಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ.

ಬಿಸಿಲು ಏರಿದ ಮೇಲೆ ಅವರೇ ತಮ್ಮ ಕಾರಿನಲ್ಲಿ ಊರ ಸ್ಮಶಾನಕ್ಕೆ ಕರೆದೊಯ್ದರು. ಅಲ್ಲಿ ಕಲ್ಲಿನ ಗೋಪುರವೊಂದರ ತುದಿಯಲ್ಲಿ ಲೋಹದ ಒಂಟೆ ನಿಂತಿದೆ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆಗಳನ್ನು ತರಿಸಿದಾಗ ಜೊತೆಯಲ್ಲಿ ಬಂದ ಹಾಜಿ ಅಲಿಯ ಸಮಾಧಿ ಅದು. ಒಂಟೆಯ ಪ್ರಯೋಗ ನಿಂತುಹೋಯಿತು, ಆತ ಹಿಂದಿರುಗಲಿಲ್ಲ. 1902ರಲ್ಲಿ ತೀರಿಕೊಂಡ. ಹೆಸರು ನಾಲಗೆಗೆ ಹೊರಳದೆ ಜನ ಅವನನ್ನು 'ಹೈ ಜಾಲಿ' ಎಂದು ಕರೆದರು. ಸ್ಮಾರಕ ಪ್ರಸಿದ್ಧವಾಗಿರುವುದೂ ಆ ಹೆಸರಿನಿಂದಲೇ. ಪರಸ್ಥಳದಲ್ಲಿ ನಲವತ್ತು ವರುಷ ನಮ್ಮ ಹೆಸರನ್ನು ಹತ್ತು ಬಗೆಯಲ್ಲಿ ಕೇಳಿಸಿಕೊಂಡ ನಮಗೆ ಅವನು ನೆಂಟನಂತೆ ಕಂಡ.

ಮಧ್ಯಾಹ್ನ ಚಿತ್ರಾನ್ನ, ಮಜ್ಜಿಗೆ, ಸಣ್ಣ ನಿದ್ದೆ. ಸಂಜೆ ಗುಡ್ಡಗಳು ಕೆಂಪಾಗಿ ಆಮೇಲೆ ನೀಲಿಯಾದವು. ನಾಲ್ಕಾರು ಬಿಡಾರದವರು ಬೆಂಕಿಯ ಸುತ್ತ ಕುಳಿತು, ನಾಳೆ ಯಾರು ನೀರು ತರಲು ಹೋಗುವವರು, ಯಾರ ಮೊಣಕಾಲು ಹೇಗಿದೆ ಎಂದು ಮಾತನಾಡಿದರು. ಒಂಬತ್ತಕ್ಕೆ ಎಲ್ಲರೂ ಎದ್ದರು. ಅಷ್ಟೇ ಆ ದಿನ.

ಅದನ್ನೇಕೆ ಇಲ್ಲಿ ಹೇಳಿದೆವೆಂದರೆ, ಹೋದ ವರ್ಷ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತಮ್ಮ ಮನೆಯಲ್ಲಿ ಒಬ್ಬರೇ ತೀರಿಕೊಂಡದ್ದು ನಿಮಗೆಲ್ಲ ತಿಳಿದಿದೆ. ಎರಡು ದಿನದ ಹಾಲಿನ ಚೀಲ ಬಾಗಿಲಲ್ಲೇ ಇದ್ದುದನ್ನು ಹಾಲಿನವನು ನೋಡಿ ಹೇಳಬೇಕಾಯಿತು. ಅವರ ಗೋಡೆಗೂ ಪಕ್ಕದವರ ಗೋಡೆಗೂ ನಡುವೆ ನೂರಡಿ ಇರಲಿಲ್ಲ, ಒಂದೇ ಗೋಡೆ. ಅವರ ಬೀದಿಯಿಂದ ಎರಡು ಬೀದಿಯಾಚೆ ಇದ್ದವರು ನಾವು. ಪ್ರತಿ ವರ್ಷ ರಾಜ್ಯೋತ್ಸವದಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ಕುಳಿತವರು. ತಪ್ಪು ಬೇರೆ ಯಾರದೂ ಅಲ್ಲ.

ಆದ್ದರಿಂದ ಒಂದು ಸೂಚನೆ. ಒಂಟಿಯಾಗಿರುವ ಹಿರಿಯರ ಪಟ್ಟಿಯೊಂದನ್ನು ಸಂಘ ಈ ವಾರವೇ ಮಾಡಲಿ. ಪ್ರತಿಯೊಬ್ಬರಿಗೂ ಹತ್ತಿರದ ಬೀದಿಯ ಒಬ್ಬರು ಗೊತ್ತಾಗಲಿ. ಬೆಳಗ್ಗೆ ಎಂಟರೊಳಗೆ ಒಂದು ಫೋನು. ಹೂವಿನ ಚಿತ್ರ ಕಳಿಸಿದರೆ ಸಾಲದು, ದನಿ ಕೇಳಬೇಕು. ಉತ್ತರ ಬಾರದಿದ್ದರೆ ಎದ್ದು ಹೋಗಿ ಬಾಗಿಲು ತಟ್ಟಬೇಕು. ಇದಕ್ಕೆ ವಂತಿಗೆ ಬೇಡ, ನಿರ್ಣಯ ಬೇಡ. ನಮ್ಮ ಪೇಟೆಯ ನಾಲ್ಕು ಮನೆಗಳನ್ನು ನಾವು ಒಪ್ಪಿಕೊಂಡಿದ್ದೇವೆ, ನಾಳೆಯಿಂದಲೇ ಆರಂಭ. ಕೇಳಬೇಕಾದದ್ದು ಎರಡೇ ಮಾತು: "ಎದ್ದಿರಾ? ಕಾಫಿ ಆಯಿತೆ?"